ಎಪಿಕೆ ಬಿಚ್ಚಿದ ಮೇಲೆ

ಮದುವೆ ಕರೆಯೋಲೆ, ಪಿಎಂ ಕಿಸಾನ್ ಕಂತು, ಟ್ರಾಫಿಕ್ ದಂಡದ ಚಲನ್ ಅಂತ ಹೆಸರು ಹೊತ್ತ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲುಗಳು ವಾಟ್ಸಾಪ್‌ನಾಗ ತಿರುಗ್ತಾನೇ ಅದಾವ. ರಾಣೆಬೆನ್ನೂರಿನ ಬೀಜದಂಗಡಿಯವ್ರಿರ್ಲಿ, ಬ್ಯಾಡಗಿ ಮಾರ್ಕೆಟ್ಟಿಗೆ ಚೀಲ ತಂದ ರೈತ ಇರ್ಲಿ, ಒತ್ತಿ ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದೋ ಅನುಮತಿ ಕೊಟ್ರೆ ಓಟಿಪಿ ಇನ್ನೊಬ್ರ ಕೈಗೆ.

ಇಂಥ ಫೈಲನ್ನ ಬಿಚ್ಚಿ ನೋಡೋದು ಈಗ ಅಂಥ ಕಷ್ಟ ಅಲ್ಲ. ಎಪಿಕೆ ಅಂದ್ರೆ ಒಂದು ಜಿಪ್ ಕಟ್ಟು, ಅಷ್ಟೇ. ಎಪಿಕೆಟೂಲ್ ಅದರ ಮ್ಯಾನಿಫೆಸ್ಟನ್ನ (ಕೇಳೋ ಅನುಮತಿಗಳ ಪಟ್ಟಿ ಇರೋದು ಇಲ್ಲೇ) ಓದೋ ಹಂಗ ಮಾಡುತ್ತೆ, ಜಾಡೆಕ್ಸ್ ಕೋಡನ್ನ ಹೆಚ್ಚುಕಮ್ಮಿ ಜಾವಾಕ್ಕೆ ತಿರುಗಿಸುತ್ತೆ. ಮಾಬ್‌ಎಸ್‌ಎಫ್ ಅಂತೂ ಫೈಲ್ ಕೊಟ್ರೆ ಪೂರಾ ವರದಿನೇ ಕೊಡುತ್ತೆ. ಎಲ್ಲಾ ಪುಕ್ಕಟೆ.

ತೊಡಕಿರೋದು ಆ ವರದಿಯಲ್ಲೇ. ಎಸ್‌ಎಂಎಸ್ ಅನುಮತಿ ಕಂಡ್ರೆ ಸಾಕು, 'ಅಪಾಯ' ಅಂತ ಕೆಂಪು ಗುರುತು. ಆದ್ರೆ ಸಾಚಾ ಯುಪಿಐ ಆ್ಯಪುಗಳೂ ನಂಬರ್ ಖಾತ್ರಿಗೆ ಅದನ್ನ ಕೇಳ್ತಾವ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಖಾರ ಕಡಿಮೆ, ಇಲ್ಲೂ ಹಂಗೇ. ನೋಡಬೇಕಾದ್ದು ಆ ಸಂದೇಶ ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನ. ಕೋಡಿನೊಳಗೆ ಟೆಲಿಗ್ರಾಂ ಬಾಟ್‌ನ ವಿಳಾಸ ಸಿಕ್ರೆ ಅಲ್ಲಿಗೆ ಅನುಮಾನ ಗಟ್ಟಿ.

ಹಾವೇರಿ ಕಡೆಯ ಕಂಪ್ಯೂಟರ್ ಹುಡುಗರು ಕನ್ನಡದಲ್ಲಿ ಒಂದು ಕೈಪಿಡಿ ಬರೀಬೇಕು. ಯಾವ ಗುಂಡಿ ಒತ್ತಬೇಕು ಅನ್ನೋದು ಒಂದು ಪುಟ ಸಾಕು. ಯಾವ ಕೆಂಪು ಸಾಲನ್ನ ದಾಟಿ ಹೋಗಬಹುದು, ಜಾಡೆಕ್ಸ್ ಯಾವಾಗ 'ಇದನ್ನ ಬಿಡಿಸಲಾಗಲಿಲ್ಲ' ಅಂತ ಷರಾ ಬರೆದು ಮುಂದೆ ಹೋಗುತ್ತೆ, ಇವಕ್ಕೆ ಹತ್ತು ಪುಟ ಕೊಡ್ರಿ. ಮೊದಲ ಸಾಲು ಮಾತ್ರ ಹಿಂಗಿರ್ಲಿ: ದುಡ್ಡು ಹೋಗಿದ್ರೆ ಟೂಲ್ ಆಮೇಲೆ, ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಹಚ್ರಿ.