ಇದು ಯಾತರ ಎಲಬ್ರಿ?

ಬೆಳಗಾವಿ ಜಿಲ್ಲೆಯ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಹಲ್ಲಿನ ಸುದ್ದಿ ಅಂದರೆ ಉಚಿತ ದಂತ ತಪಾಸಣಾ ಶಿಬಿರ. ಉದ್ಘಾಟನೆ, ಸಾಲಾಗಿ ನಿಂತ ಗಣ್ಯರ ಫೋಟೊ, ಇಷ್ಟು ಜನ ಲಾಭ ಪಡೆದರು ಎಂಬ ಒಂದು ಸಂಖ್ಯೆ. ಅಲ್ಲಿಗೆ ಮುಗಿಯಿತು. ಹಲ್ಲು ಕಿತ್ತ ಮೇಲಿನ ಕಥೆಗೆ ಪುಟದಲ್ಲಿ ಜಾಗ ಇರುವುದಿಲ್ಲ.

ಆ ಕಥೆ ನಮಗೆ ಸಿಕ್ಕಿದ್ದು ಮನೆಯೊಳಗೆ. ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆ ಇರುವ ನಮ್ಮ ಸೋದರಮಾವ ಮೇಲಿನ ಎಡದವಡೆಯ ಹಿಂದಿನ ಹಲ್ಲುಗಳನ್ನು ಕಳೆದುಕೊಂಡು ಹತ್ತು ವರ್ಷವಾಗಿತ್ತು. ಜೋಳದ ರೊಟ್ಟಿಯನ್ನು ಒಂದೇ ಕಡೆ ಅಗಿದು ಸಾಕಾಗಿ, ಕೂಡಿಸುವ ಹಲ್ಲು ಬೇಕೆಂದರು. ಬೆಳಗಾವಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರ್, ‘ಕಾಕಾ, ಇಂಪ್ಲಾಂಟ್ ಕೂಡ್ಸಾಕ ಎಲಬ ಉಳದಿಲ್ಲ, ಬರೇ ಮೂರು ಮಿಲಿಮೀಟರ್ ಐತಿ. ಸೈನಸ್ ಎತ್ತಿ ಎಲಬಿನ ಪುಡಿ ತುಂಬಬೇಕು’ ಎಂದರು. ಸಹಾಯಕಿ ಮೂರು ಪುಟದ ಇಂಗ್ಲಿಷ್ ಫಾರ್ಮು ಮುಂದಿಟ್ಟು ಸಹಿ ಮಾಡುವ ಜಾಗ ತೋರಿಸಿದರು. ಮಾಮಾ ಪೆನ್ನು ಹಿಡಿಯಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಒಂದೇ ಮಾತು ಕೇಳಿದರು: ‘ಇದು ಯಾತರ ಎಲಬ್ರಿ?’

ಡಾಕ್ಟರ್ ಒಂದು ಕ್ಷಣ ತಡೆದರು. ‘ಪ್ರಾಸೆಸ್ ಮಾಡಿದ್ದು ಇರ್ತೈತಿ, ಏನೂ ಆಗಂಗಿಲ್ಲ’ ಅಂದರು. ಅದು ಉತ್ತರವಾಗಿರಲಿಲ್ಲ. ಅವತ್ತು ಸಹಿ ಮಾಡದೆ ಹೊರಗೆ ಬಂದೆವು. ಮುಂದಿನ ಕೆಲವು ವಾರ ಓದಿದ್ದು, ಬೇರೆ ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿದೆ.

ಮೊದಲು, ಎಲುಬು ಎಲ್ಲಿ ಹೋಯಿತು? ಮೇಲ್ದವಡೆಯ ಹಿಂಭಾಗದಲ್ಲಿ, ಹಲ್ಲಿನ ಬೇರುಗಳ ಮೇಲೆ, ಗಾಳಿ ತುಂಬಿದ ಒಂದು ಪೊಳ್ಳು ಇದೆ. ಅದೇ ಮ್ಯಾಕ್ಸಿಲರಿ ಸೈನಸ್. ಹಲ್ಲು ಇರುವವರೆಗೆ ಎಲುಬಿಗೆ ಕೆಲಸ ಇರುತ್ತದೆ. ಹಲ್ಲು ಹೋದರೆ ಎಲುಬು ಕೆಳಗಿನಿಂದ ಸವೆಯುತ್ತದೆ, ಮೇಲಿನಿಂದ ಸೈನಸ್ ಕೆಳಗಿಳಿಯುತ್ತದೆ. ಸಾಮಾನ್ಯ ಇಂಪ್ಲಾಂಟ್‌ಗೆ ಎಂಟು–ಹತ್ತು ಮಿಲಿಮೀಟರ್ ಎಲುಬು ಬೇಕು. ಉಳಿದದ್ದು ನಾಲ್ಕೈದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ದವಡೆಯ ಪಕ್ಕದಲ್ಲಿ ಸಣ್ಣ ಕಿಟಕಿ ಕೊರೆದು, ಸೈನಸ್‌ನ ಒಳಪೊರೆಯನ್ನು ಹರಿಯದಂತೆ ಮೇಲಕ್ಕೆತ್ತಿ, ಕೆಳಗೆ ಸಿಕ್ಕ ಜಾಗಕ್ಕೆ ಪುಡಿ ತುಂಬುತ್ತಾರೆ. ಅಮೆರಿಕದ ಹಿಲ್ಟ್ ಟೇಟಂ ಇದನ್ನು 1970ರ ದಶಕದಲ್ಲಿ ಮಾಡಿ ತೋರಿಸಿದರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಎಂಬಿಬ್ಬರು ಬರೆದು ಪ್ರಕಟಿಸಿದರು. ಆಗ ತುಂಬುತ್ತಿದ್ದದ್ದು ರೋಗಿಯ ಸೊಂಟದಿಂದಲೇ ತೆಗೆದ ಎಲುಬು.

ಇವತ್ತು ತುಂಬುವ ಪದಾರ್ಥ ನಾಲ್ಕು ಬಗೆ. ಒಂದು, ರೋಗಿಯದೇ ಎಲುಬು. ಇದಕ್ಕೆ ಇನ್ನೊಂದು ಕಡೆ ಗಾಯ ಮಾಡಬೇಕು. ಎರಡು, ದಾನಿಯ ಎಲುಬು, ಎಲುಬಿನ ಬ್ಯಾಂಕಿನಿಂದ ಬರುತ್ತದೆ. ಮೂರು, ಪ್ರಾಣಿಯ ಎಲುಬು. ಹೆಚ್ಚಾಗಿ ದನದ್ದು, ಕೆಲವು ಹಂದಿಯದು. ಹೆಚ್ಚಿನವುಗಳಲ್ಲಿ ಮಾಂಸ, ಕೊಬ್ಬು, ಪ್ರೋಟೀನ್ ಎಲ್ಲ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ಜಗತ್ತಿನಲ್ಲಿ ಬಹಳ ಬಳಕೆಯಾಗುವ, ದೀರ್ಘಕಾಲದ ಅಧ್ಯಯನ ಇರುವ ಪುಡಿಗಳಲ್ಲಿ ದನದ್ದೇ ಮುಂದು. ನಾಲ್ಕು, ಯಾವ ಜೀವಿಯಿಂದಲೂ ಬರದ, ಕಾರ್ಖಾನೆಯಲ್ಲಿ ತಯಾರಿಸಿದ ಸಿಂಥೆಟಿಕ್ ಪುಡಿ.

ಈ ನಾಲ್ಕನೆಯದನ್ನು ಖಾನಾಪುರದವರಿಗೆ ತಿಳಿಸುವುದು ಸುಲಭ. ಹೆಂಚು, ಮಡಕೆಯ ಊರು ಅದು, ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರು. ಸಿಂಥೆಟಿಕ್ ಎಲುಬು ಅಂದರೆ ಆವಿಗೆಯಲ್ಲಿ ಸುಟ್ಟ ಮಡಕೆಯ ಜಾತಿಯದೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿಸಿ ಸಾವಿರ ಡಿಗ್ರಿಗಿಂತ ಮೇಲೆ ಸುಟ್ಟು, ರವೆಯಂತೆ ಕಾಳುಕಾಳಾಗಿ ಮಾಡುತ್ತಾರೆ. ಬೇಸಿಗೆಯಲ್ಲಿ ನೀರು ತಣ್ಣಗಿಡುವ ಹರವಿಗೆ ಸಣ್ಣ ರಂಧ್ರಗಳಿರುವಂತೆ ಈ ಕಾಳಿಗೂ ಇರಬೇಕು. ಆ ರಂಧ್ರಗಳಲ್ಲಿ ರಕ್ತನಾಳ ನುಗ್ಗಿ ಹೊಸ ಎಲುಬು ಬೆಳೆಯುತ್ತದೆ. ಹೈಡ್ರಾಕ್ಸಿಅಪಟೈಟ್ ಎಂಬುದು ವರ್ಷಗಟ್ಟಲೆ ಕರಗದೆ ಜಾಗ ಹಿಡಿದಿಡುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿದ ಪುಡಿ ಇಂದು ಸಾಮಾನ್ಯ. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಕಂಡುಹಿಡಿದ, ಎಲುಬಿಗೆ ಅಂಟಿಕೊಳ್ಳುವ ಗಾಜು ಇನ್ನೊಂದು ಬಗೆ. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಂಥ ಪದಾರ್ಥಗಳ ಮೇಲೆ ಕೆಲಸ ಮಾಡಿದೆ.

ಆದರೆ ಇದು ಜಾದೂ ಅಲ್ಲ. ಸಿಂಥೆಟಿಕ್ ಪುಡಿ ತಾನಾಗಿ ಎಲುಬು ಹುಟ್ಟಿಸುವುದಿಲ್ಲ. ಅದು ಹಾಗಲಬಳ್ಳಿಗೆ ಹಾಕಿದ ಹಂದರ. ಬಳ್ಳಿ ನಮ್ಮ ಮೈಯಿಂದಲೇ ಬರಬೇಕು. ರೋಗಿಯದೇ ಎಲುಬು ತುಂಬಿದರೆ ಮೊದಲ ತಿಂಗಳುಗಳಲ್ಲಿ ಹೊಸ ಎಲುಬು ಹೆಚ್ಚು ಸಿಗುತ್ತದೆ. ಸಿಂಥೆಟಿಕ್‌ನಲ್ಲಿ ಕಾಳು ಬಹಳ ದಿನ ಉಳಿಯುತ್ತವೆ. ಆದರೂ ಇಂಪ್ಲಾಂಟ್ ನಿಲ್ಲುವ ವಿಷಯದಲ್ಲಿ ಪುಡಿ ಯಾವುದೆಂಬುದರಿಂದ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ದೊಡ್ಡ ವ್ಯತ್ಯಾಸ ಮಾಡುವುದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ತಂಬಾಕು. ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆ ನಮ್ಮದು. ಮುಂಜಾನೆ ಮಿಶ್ರಿ ತಿಕ್ಕುವವರು ಈಗಲೂ ಇದ್ದಾರೆ. ಅವರಿಗೆ ಪುಡಿಯ ಪ್ರಶ್ನೆಗಿಂತ ಈ ಪ್ರಶ್ನೆ ಮೊದಲು ಬರಬೇಕು.

ಇನ್ನೊಂದು ಸಂಗತಿಯನ್ನು ಯಾರೂ ತಾವಾಗಿ ಹೇಳಲಿಲ್ಲ. ಪುಡಿ ಸಿಂಥೆಟಿಕ್ ಆದರೂ ಕಿಟಕಿಯ ಮೇಲೆ ಮುಚ್ಚುವ ಕೊಲಾಜೆನ್ ಪೊರೆ ದನ, ಹಂದಿ ಅಥವಾ ಮೀನಿನದಾಗಿರಬಹುದು. ಪುಡಿಯದನ್ನು ಕೇಳಿ ಪೊರೆಯದನ್ನು ಕೇಳದಿದ್ದರೆ ಅರ್ಧ ಕೇಳಿದಂತೆ. ಮಾಮಾ ಎರಡನ್ನೂ ಕೇಳಿದರು. ಇನ್ನೊಬ್ಬ ಡಾಕ್ಟರ್ ಪೊಟ್ಟಣವನ್ನೇ ಕೈಗೆ ಕೊಟ್ಟು, ಪದಾರ್ಥದ ಹೆಸರು ಓದಿ ಹೇಳಿದರು. ಪೊರೆಯ ಬದಲು ಮಾಮಾನ ರಕ್ತದಿಂದಲೇ ತೆಗೆದ ಫೈಬ್ರಿನ್ ಪದರ ಹಾಕುವುದಾಗಿ ಒಪ್ಪಿದರು. ಅಪಾಯವನ್ನೂ ಮುಚ್ಚಿಡಲಿಲ್ಲ. ಸೈನಸ್‌ನ ಪೊರೆ ಹರಿಯುವುದು ಸುಮಾರು ಐದರಲ್ಲಿ ಒಂದು ಶಸ್ತ್ರಕ್ರಿಯೆಯಲ್ಲಿ ಆಗುತ್ತದೆ, ಹೆಚ್ಚಿನವನ್ನು ಅಲ್ಲೇ ಸರಿಪಡಿಸಬಹುದು ಎಂದರು. ಎರಡು ವಾರ ಮೂಗು ಜೋರಾಗಿ ಸೀನಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ ಎಂದರು.

ಪುಡಿ ತುಂಬಿದ ಮೇಲೆ ಎಂಟು ತಿಂಗಳು ಕಾದೆವು. ಗದ್ದೆಯ ಕಬ್ಬು ಕಾರ್ಖಾನೆಗೆ ಹೋಯಿತು, ಬಿಲ್ಲು ಬಂತು, ಆಮೇಲೆ ಇಂಪ್ಲಾಂಟ್ ಕೂತಿತು. ಅದರ ಮೇಲೆ ಹಲ್ಲು ಬರಲು ಇನ್ನೂ ನಾಲ್ಕು ತಿಂಗಳು. ಈಗ ಮಾಮಾ ಎರಡೂ ಕಡೆ ರೊಟ್ಟಿ ಅಗಿಯುತ್ತಾರೆ.

ಖರ್ಚು ಮಾಡುವ ಶಕ್ತಿ ಇದ್ದವರ ಮಾತು ಇದು, ನಿಜ. ಸರ್ಕಾರದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ತೆಗೆದು ಹಾಕುವ ಪೂರ್ಣ ದಂತಪಂಕ್ತಿ ಕೊಡುತ್ತದೆ, ಇಂಪ್ಲಾಂಟ್ ಅಲ್ಲ. ಕೆಎಲ್ಇ ಮತ್ತು ಮರಾಠಾ ಮಂಡಳದ ಎರಡು ದಂತ ಕಾಲೇಜುಗಳಿರುವ ಊರು ಬೆಳಗಾವಿ. ಎರಡನೇ ಅಭಿಪ್ರಾಯ ಕೇಳಲು ಹುಬ್ಬಳ್ಳಿ, ಪುಣೆಗೆ ಹೋಗಬೇಕಿಲ್ಲ.

ಆದರೆ ಕೇಳುವ ಹಕ್ಕಿಗೆ ದುಡ್ಡು ಬೇಡ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಏನಿದೆ, ಮುಖ್ಯ ಅಪಾಯ ಏನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಕನ್ನಡ, ಮರಾಠಿ ಮಾತ್ರ ಬಲ್ಲವರ ಮುಂದೆ ಇಂಗ್ಲಿಷ್ ಫಾರ್ಮು ಇಟ್ಟು ಬೆರಳು ತೋರಿಸುವುದು ತಿಳಿಸಿದಂತಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಈ ಖುರ್ಚಿಯಲ್ಲಿ ಕೂಡುವವರಿದ್ದರೆ ಇಷ್ಟು ಕೇಳಲು ಹೇಳಿ. ಎಲುಬು ಎಷ್ಟು ಮಿಲಿಮೀಟರ್ ಉಳಿದಿದೆ? ಗಿಡ್ಡ ಇಂಪ್ಲಾಂಟ್ ಅಥವಾ ಬ್ರಿಜ್ ಸಾಲುವುದಿಲ್ಲವೇ? ಪುಡಿ ಯಾತರದು, ಪೊರೆ ಯಾತರದು? ಎಷ್ಟು ತಿಂಗಳು ಕಾಯಬೇಕು? ಪುಡಿಯ ಬಿಲ್ಲು ಇಂಪ್ಲಾಂಟ್ ಬಿಲ್ಲಿನಲ್ಲೇ ಇದೆಯೋ, ಬೇರೆಯೋ? ಪೊಟ್ಟಣದ ಮೇಲಿನ ಚೀಟಿಯನ್ನು ಕೇಳಿ ಪಡೆದು ಫೈಲಿನಲ್ಲಿಡಿ. ಬಾಯೊಳಗೆ ಏನು ಹಾಕಿದ್ದಾರೆ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಪುರಾವೆ ಅದು.