ಬೆಳ್ಳಂದೂರು ಕೆರೆಗಿಳಿದ ವಿಮಾನ

ಎರಡನೇ ಮಹಾಯುದ್ಧದ ಕಾಲದ ವಿಮಾನಗಳ ಕಪ್ಪು-ಬಿಳುಪು ಫೋಟೊ ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಅದರಲ್ಲೂ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲಿನಾ ಇರೋ ಚಿತ್ರಗಳು! ನೀರಿನ ಮೇಲೇ ಇಳಿಯುವ ವಿಮಾನ ಅದು. ರಿಪೇರಿಗೆಂದು ಬರ್ತಿದ್ದದ್ದು ಪಕ್ಕದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಇವತ್ತು ನೊರೆಗೆ ಹೆಸರಾದ ಕೆರೆ ಅದೇ, ನಂಬೋದು ಕಷ್ಟ.

ಉದ್ಯಮಿ ವಾಲಚಂದ್ ಹೀರಾಚಂದ್ ಆ ಕಾರ್ಖಾನೆ ಶುರುಮಾಡಿದ್ದು 1940ರ ಡಿಸೆಂಬರಿನಲ್ಲಿ, ನಮ್ಮ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ. 1941ರಲ್ಲಿ ಹಾರ್ಲೊ ತರಬೇತಿ ವಿಮಾನ ಜೋಡಿಸಿದರು, ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ. 1943ರಲ್ಲಿ ಅಮೆರಿಕದ ವಾಯುಪಡೆ ಕಾರ್ಖಾನೆಯನ್ನು ವಹಿಸಿಕೊಂಡು ದೊಡ್ಡ ರಿಪೇರಿ ಡಿಪೋ ಮಾಡಿಕೊಂಡಿತು.

ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ನಮ್ಮ ಹುಣಸೂರು ಸೈನ್ಯಕ್ಕೆ ಕೊಟ್ಟದ್ದು ಅಮೃತಮಹಲ್ ಎತ್ತು, ಫಿರಂಗಿ ಎಳೆಯೋಕೆ. ಅದೇ ಸಂಸ್ಥಾನ ಆಮೇಲೆ ವಿಮಾನಕ್ಕೆ ಕೈಹಾಕಿತು ಅನ್ನೋದು ನನಗಂತೂ ಖುಷಿಯ ವಿಷಯ.

ಪೈಲಟ್‌ಗಳ ಫೋಟೊಗಿಂತ ನನಗಿಷ್ಟ ಕಾರ್ಖಾನೆ ಒಳಗಿನವು. ಸೀರೆಯುಟ್ಟ ಹೆಂಗಸರು ವಿಮಾನದ ಕೆಲಸದಲ್ಲಿ ಮುಳುಗಿದ್ದಾರೆ, ಕ್ಯಾಮೆರಾ ಕಡೆ ನೋಡೋಕೂ ಪುರುಸೊತ್ತಿಲ್ಲ. ಹೆಚ್ಚಿನ ಕಡೆ ಅಡಿಬರಹದಲ್ಲಿ ವಿಮಾನದ ಹೆಸರಿರತ್ತೆ, ಇವರದ್ದು ಇರಲ್ಲ. ಇದು ಸರಿಯಲ್ಲ ಬಿಡಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯೋರೇ, ಆಗ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ನಿಮ್ಮ ತಾತಂದೋ ಅಜ್ಜಿದೋ ಫೋಟೊ ಟ್ರಂಕಿನಲ್ಲಿದ್ದರೆ ಇಲ್ಲಿ ಹಾಕಿ. ಹೆಸರು ಬರೆಯೋದು ಮರೀಬೇಡಿ.