ರಿಚ್ಪಳನ್ನು ಹುಡುಕಿದ ಮಳೆಗಾಲ

ಮಂಗಳೂರಿನ ನಮ್ಮ ಸಭೆಯ ಕೆಲವು ಮನೆಯವರು ಸೇರಿ ಒಂದು ಮಳೆಗಾಲ ಹಳೇ ಒಡಂಬಡಿಕೆಯ ಚರಿತ್ರೆಯ ಪುಸ್ತಕಗಳನ್ನು ಓದಲು ಹೊರಟೆವು. ಯೆಹೋಶುವದಿಂದ ಎಸ್ತೇರಳವರೆಗೆ 12 ಪುಸ್ತಕ. ಷರತ್ತು ಇಷ್ಟೇ: ಸರದಿ ಬಂದವರು ಗಟ್ಟಿಯಾಗಿ ಓದಬೇಕು, ಒಂದು ಅಧ್ಯಾಯವನ್ನೂ ಹಾರಿಸಬಾರದು. ಷರತ್ತು ಹಾಕಿದ್ದು ಅಯ್ಯನವರಲ್ಲ, ರಿಟೈರಾದ ಟೀಚರಮ್ಮ.

ಯೆರಿಕೋವಿನ ಗೋಡೆ, ಗಿದ್ಯೋನ, ಸಂಸೋನ ಎಲ್ಲ ಸಂಡೇ ಸ್ಕೂಲಿನಲ್ಲೇ ಕೇಳಿದ್ದರಿಂದ ಸಲೀಸಾಗಿ ಮುಗಿದವು. ನ್ಯಾಯಸ್ಥಾಪಕರು 19ಕ್ಕೆ ಬಂದಾಗ ಮಕ್ಕಳನ್ನು ಒಳಗೆ ಅಟ್ಟಿ ಓದಿದೆವು. ಆ ರಾತ್ರಿ ಚಾ ಕುಡಿಯುವಾಗಲೂ ಯಾರ ಬಾಯಿಂದಲೂ ಮಾತಿಲ್ಲ.

ಎರಡನೆಯ ಸಮುವೇಲದ 21ನೇ ಅಧ್ಯಾಯದ ದಿನ ಕರೆಂಟು ಹೋಗಿತ್ತು. ಸರದಿ ನಮ್ಮ ದೊಡ್ಡಮ್ಮನದು. ಕ್ಯಾಂಡಲ್ ಹತ್ತಿರಕ್ಕೆ ಪುಸ್ತಕ ಎಳೆದುಕೊಂಡು, ಸಾಲಿಗೆ ಬೆರಳಿಟ್ಟು ಓದಿದರು. ದೇಶಕ್ಕೆ ಮೂರು ವರ್ಷ ಬರಗಾಲ. ಸೌಲ ಗಿಬ್ಯೋನ್ಯರನ್ನು ಕೊಂದ ಪಾಪಕ್ಕೆ ಪರಿಹಾರವೆಂದು ದಾವೀದ ಸೌಲನ ಸಂತಾನದ ಏಳು ಮಂದಿಯನ್ನು ಅವರ ಕೈಗೆ ಒಪ್ಪಿಸುತ್ತಾನೆ. ಜವೆಗೋಧಿ ಕೊಯ್ಲು ಶುರುವಾಗುವ ಹೊತ್ತಿಗೆ ಅವರನ್ನು ಬೆಟ್ಟದ ಮೇಲೆ ಕೊಲ್ಲುತ್ತಾರೆ. ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಮಳೆ ಬೀಳುವ ತನಕ ಆ ಹೆಣಗಳನ್ನು ಕಾಯುತ್ತಾಳೆ. ಹಗಲು ಹಕ್ಕಿ ಕೂರದಂತೆ, ರಾತ್ರಿ ಕಾಡುಮೃಗ ಸುಳಿಯದಂತೆ.

"ಇವಳಿಗೆ ಊಟ ಯಾರು ತಂದು ಕೊಟ್ಟರು?" ದೊಡ್ಡಮ್ಮ ಓದು ನಿಲ್ಲಿಸಿ ಕೇಳಿದರು.

ಅಯ್ಯನವರು ಪ್ರಮಾಣ, ಪ್ರಾಯಶ್ಚಿತ್ತ ಎಂದು ಏನೋ ಶುರುಮಾಡಿದರು.

"ಅದು ಇರಲಿ ಅಯ್ಯನವರೆ. ಇವಳು ಹೀಗೆ ಕೂತ ಸುದ್ದಿ ಮುಟ್ಟಿದ ಮೇಲಲ್ವಾ ಅರಸ ಎಲುಬು ಒಟ್ಟುಮಾಡಿಸಿದ್ದು?"

ಹೌದು, ಮೇಲೆಯೇ. ಸೌಲ, ಯೋನಾತಾನರ ಎಲುಬುಗಳನ್ನೂ ಯಾಬೇಷ್ ಗಿಲ್ಯಾದಿನಿಂದ ತರಿಸಿ ಕೀಷನ ಸಮಾಧಿಯಲ್ಲಿ ಇಡಿಸುತ್ತಾನೆ. ರಿಚ್ಪ ಒಂದು ಮಾತೂ ಆಡುವುದಿಲ್ಲ. ಆದರೂ ಅರಸನಿಂದ ಇಷ್ಟು ಕೆಲಸ ಮಾಡಿಸಿದವಳು ಅವಳೇ. ಗೊಲ್ಯಾತನನ್ನು ಕೆಡವಿದ ಹುಡುಗನ ಮೇಲೆ ನಮಗಿದ್ದ ಮೋಹ ಅವತ್ತು ಸ್ವಲ್ಪ ಇಳಿಯಿತು.

ಪೂರ್ವಕಾಲವೃತ್ತಾಂತ ಹಿಡಿದಾಗ ಮೊದಲ 9 ಅಧ್ಯಾಯ ವಂಶಾವಳಿ. ಆಕಳಿಸಿದ್ದೇ ಆಕಳಿಸಿದ್ದು. ದಾವೀದ ಮತ್ತೆ ಬಂದನೆಂದಾಗ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂತರು. 20ನೇ ಅಧ್ಯಾಯದಲ್ಲಿ ಸೈನ್ಯ ಯುದ್ಧಕ್ಕೆ ಹೊರಟದ್ದು, ದಾವೀದ ಯೆರೂಸಲೇಮಿನಲ್ಲೇ ಉಳಿದದ್ದು ಉಂಟು. ಉಳಿದು ಮಾಡಿದ್ದೇನು? ಅದಿಲ್ಲ. ಸಮುವೇಲದಲ್ಲಿ ಓದಿದ್ದ ಬತ್ಷೆಬೆಯ ಸಂಗತಿ ಇಲ್ಲ, ಅಬ್ಷಾಲೋಮನ ದಂಗೆ ಇಲ್ಲ, ರಿಚ್ಪಳೂ ಇಲ್ಲ.

"ಯಾರು ಬರೆದದ್ದು ಇದನ್ನು?" ದೊಡ್ಡಮ್ಮನಿಗೆ ಸಿಟ್ಟೇ ಬಂತು.

ಬಾಬೆಲಿನ ಸೆರೆಯಿಂದ ಮರಳಿದವರಿಗೆ ದೇವಾಲಯ, ಲೇವಿಯರು, ಹಾಡುಗಾರರ ಚರಿತ್ರೆ ಬೇಕಿತ್ತು ಎಂದರು ಅಯ್ಯನವರು. ಮಾತು ಸರಿಯೇ. ದೊಡ್ಡಮ್ಮ ಮಾತ್ರ ಸಮಾಧಾನವಾಗದೆ, ಕೊನೆಯ ಪ್ರಾರ್ಥನೆಯಲ್ಲಿ ರಿಚ್ಪಳ ಹೆಸರು ಸೇರಿಸಿಯೇ ಬಿಟ್ಟರು.

ನೆಹೆಮೀಯ 3ರಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರ ಪಟ್ಟಿ. "ಬರೀ ಹೆಸರು, ಮುಂದೆ ಹೋಗುವ" ಎಂದರು ಅಯ್ಯನವರು. ಟೀಚರಮ್ಮ ಬಿಡಬೇಕಲ್ಲ! ಗಾರೆ ಕೆಲಸದ ಮೇಸ್ತ್ರಿಯೊಬ್ಬರು ನಮ್ಮ ಗುಂಪಿನಲ್ಲಿದ್ದರು, ಸರದಿ ಅವರದಾಯಿತು. ಕೆಲವರು ತಂತಮ್ಮ ಮನೆಯೆದುರಿನ ಗೋಡೆ ಕಟ್ಟಿದರೆಂದು ಬಂದಾಗ ಅವರ ಮುಖ ಅರಳಿತು. "ಹುಷಾರಿ ಉಂಟು ಈ ನೆಹೆಮೀಯ. ಸ್ವಂತ ಮನೆಯ ಎದುರಾದ್ರೆ ಯಾರೂ ಕಳ್ಳಕೆಲಸ ಮಾಡುದಿಲ್ಲ."

12ನೇ ವಚನಕ್ಕೆ ಬಂದರು. ಹಲ್ಲೋಹೇಷನ ಮಗ ಶಲ್ಲೂಮ, ಅವನ ಜೊತೆ ಅವನ ಹೆಣ್ಣುಮಕ್ಕಳೂ ಕಟ್ಟಿದರು.

"ಹುಡುಗಿಯರ ಹೆಸರು?" ದೊಡ್ಡಮ್ಮ ಕೇಳಿದರು.

ಮೇಸ್ತ್ರಿ ಹಿಂದೆ ಮುಂದೆ ಬೆರಳಾಡಿಸಿ ನೋಡಿದರು. "ಅಪ್ಪನದ್ದು ಉಂಟು ದೊಡ್ಡಮ್ಮ. ಅಜ್ಜನದ್ದೂ ಉಂಟು."